ಆರ್‌ಎಕ್ಸ್ 100 ಫ್ರಂಟ್ ಫೋರ್ಕ್ ತುಂಬಾ ಸಾಫ್ಟ್, ಬ್ರೇಕ್ ಹಿಡಿದ್ರೆ ಪೂರ್ತಿ ಕೂತ್ಕೊಳ್ಳುತ್ತೆ, ಏನ್ ಮಾಡೋದು?

ಹಾಸನ್_ಟೂಸ್ಟ್ರೋಕ್:
ಎಲ್ರಿಗೂ ನಮಸ್ಕಾರ. ನಮ್ಮಪ್ಪನ 1993ರ ಯಮಹಾ ಆರ್‌ಎಕ್ಸ್ 100, ಬೋರ್ ಮಾಡ್ಸಿ ಪಿಸ್ಟನ್ ಹಾಕ್ಸಾಯ್ತು, ಕ್ರ್ಯಾಂಕ್ ಕೆಲ್ಸಾನೂ ಮುಗೀತು, ಇಂಜಿನ್ ಸೂಪರ್ ಆಗಿದೆ, ಈಗ ಪ್ರಾಬ್ಲಂ ಇರೋದು ಮುಂದಿನ ಫೋರ್ಕ್, ಅಂದ್ರೆ ಶಾಕಪ್‌ದು. ಫ್ರಂಟ್ ಬ್ರೇಕ್ ಸ್ವಲ್ಪ ಜೋರಾಗಿ ಹಿಡಿದ್ರೆ ಫೋರ್ಕ್ ಪೂರ್ತಿ ಒಳಗೆ ಹೋಗ್ಬಿಡುತ್ತೆ, ಹಂಪ್ ಇಳಿಯುವಾಗ ಟಕ್ ಅಂತ ಕೊನೇಲಿ ಬಡಿಯುತ್ತೆ, ಶಿರಾಡಿ ಘಾಟಿ ಇಳಿಯೋವಾಗ ಅಂತೂ ತಿರುವಿಗೆ ಮುಂಚೆ ಬ್ರೇಕ್ ಬಿಟ್ಟ ತಕ್ಷಣ ಹ್ಯಾಂಡಲ್ ಮೇಲಕ್ಕೆ ಪುಟಿದು ಬರುತ್ತೆ, ಗಾಡಿ ಹಾಕಿದ ಲೈನಲ್ಲಿ ನಿಲ್ಲಲ್ಲ, ಭಯ ಆಗುತ್ತೆ. ಗ್ಯಾರೇಜಲ್ಲಿ ಒಬ್ರು 20 ಡಬ್ಲ್ಯೂ 50 ಇಂಜಿನ್ ಆಯಿಲ್ ಸುರೀರಿ ಗಟ್ಟಿ ಆಗುತ್ತೆ ಅಂತಾರೆ, ಇನ್ನೊಬ್ರು ಸ್ಪ್ರಿಂಗೇ ಹೋಗಿದೆ ಅಂತಾರೆ, ಮತ್ತೊಬ್ರು ಇದನ್ನೆಲ್ಲ ಬಿಸಾಕಿ ಡಿಸ್ಕ್ ಇರೋ ಬೇರೆ ಬೈಕಿನ ಫೋರ್ಕ್ ಹಾಕ್ಸಿ ಅಂದ್ರು. ನನಗೆ ಒರಿಜಿನಲ್ ಫೋರ್ಕೇ ಉಳಿಬೇಕು. ಸೀಲ್ ಲೀಕ್ ಕಾಣ್ತಿಲ್ಲ. ನನ್ನ ತೂಕ 78 ಕೆ.ಜಿ., ಹೆಚ್ಚಾಗಿ ಒಬ್ನೇ ಓಡಿಸೋದು. ಗೊತ್ತಿರೋರು ದಯವಿಟ್ಟು ಹೇಳಿ.

ಹುಬ್ಬಳ್ಳಿ_ಗಾಡಿಮಂದಿ:
ನೋಡ್ರಿ, ಫೋರ್ಕ್ ಬಿಚ್ಚೂಕಿಂತ ಮೊದ್ಲ ಕೋನ್ ಸೆಟ್ (ಹ್ಯಾಂಡಲ್ ತಿರಗೂ ಬೇರಿಂಗು) ಚೆಕ್ ಮಾಡ್ರಿ. ಮುಂದಿನ ಬ್ರೇಕ್ ಹಿಡ್ಕೊಂಡು ಗಾಡಿ ಹಿಂದ ಮುಂದ ಅಳ್ಳಾಡಸ್ರಿ, ಹ್ಯಾಂಡಲ್ ಕೆಳಗ ಫ್ರೇಮಿನ ಕತ್ತಿನ ಹತ್ರ ಒಂದು ಬೆರಳ ಇಟ್ಟಿರ್ರಿ, ಅಲ್ಲಿ ಟಕ್ ಅಂದ್ರ ಕೋನ್ ಸೆಟ್ ಲೂಸ್ ಆಗೇತಿ ಅಂತ. ಫ್ರಂಟ್ ವೀಲ್ ಮ್ಯಾಲೆತ್ತಿ ಹ್ಯಾಂಡಲ್ ನಿಧಾನಕ್ಕ ತಿರಗಿಸಿದ್ರ ನಡುವ ಒಂದ ಕಡೆ ಕಚ್ಚಿ ನಿಂತಂಗ ಆದ್ರ ಬಾಲ್ ಕೂಡೋ ರೇಸ್‌ನ್ಯಾಗ ಗುಂಡಿ ಬಿದ್ದಾವ, ಟೈಟ್ ಮಾಡಿದ್ರ ಉಪಯೋಗಿಲ್ಲ, ಸೆಟ್ಟ ಬದಲಿ ಮಾಡಬೇಕು. ನೀವು ಹೇಳೋ ಡೈವ್, ಅಂದ್ರ ಬ್ರೇಕ್ ಹಿಡಿದಾಗ ಮುಂದ ಕುಸಿಯೂದು, ಇದ್ರಿಂದ ಬರೂದಿಲ್ಲ ಖರೆ, ಆದ್ರ ಆ ಸೌಂಡು ಮತ್ತ ತಿರುವಿನ್ಯಾಗ ಲೈನ್ ತಪ್ಪೂದು ಬರ್ತೇತಿ. ಎರಡೂ ಕೂಡಿದ್ರ ಯಾವುದು ಯಾವುದರದ್ದು ಅಂತ ತಿಳ್ಯಾಂಗಿಲ್ಲ.

ಜೆಸಿ_ರೋಡ್_ರೆಗ್ಯುಲರ್:
ಹುಬ್ಬಳ್ಳಿಯವರು ಹೇಳಿದ್ದು ಮೊದ್ಲು ಮಾಡಿ. ಅದು ಸರಿ ಇದ್ರೆ ಮುಂದೆ ಓದಿ, ಸ್ವಲ್ಪ ಉದ್ದ ಇದೆ.

ಆ 20 ಡಬ್ಲ್ಯೂ 50 ಮಾತ್ರ ಹಾಕ್ಬೇಡಿ ಗುರೂ. ಗಾಡಿ ಭಾರ ಹೊರೋದು ಸ್ಪ್ರಿಂಗು. ಆ ಸ್ಪ್ರಿಂಗ್ ಎಷ್ಟು ಬೇಗ ಒಳಗೆ ಹೋಗ್ಬೇಕು ಎಷ್ಟು ಬೇಗ ವಾಪಸ್ ಬರ್ಬೇಕು ಅಂತ ತಡೆಯೋದು ಆಯಿಲು. ಸ್ಪ್ರಿಂಗ್ ಕುಸಿದಿದ್ರೆ ಎಂಥಾ ಗಟ್ಟಿ ಆಯಿಲ್ ಹಾಕಿದ್ರೂ ಫೋರ್ಕ್ ಅದೇ ಜಾಗಕ್ಕೆ ಹೋಗಿ ಕೂರುತ್ತೆ, ಸ್ವಲ್ಪ ನಿಧಾನಕ್ಕೆ ಅಷ್ಟೇ. ಈ ಕಾಲದ ಫೋರ್ಕಲ್ಲಿ ಒಳಗಿರೋದು ಡ್ಯಾಂಪರ್ ರಾಡ್, ಅಂದ್ರೆ ತೂತು ಇರೋ ಒಂದು ಕೊಳವೆ, ಆಯಿಲ್ ಆ ತೂತಲ್ಲೇ ನುಗ್ಗಿ ಹೋಗ್ಬೇಕು. ನಿಧಾನಕ್ಕೆ ಒತ್ತಿದ್ರೆ ಆರಾಮಾಗಿ ಹರಿಯುತ್ತೆ, ಸ್ಪೀಡ್ ಎರಡು ಪಟ್ಟು ಆದ್ರೆ ತಡೆ ಸುಮಾರು ನಾಲ್ಕು ಪಟ್ಟು ಆಗುತ್ತೆ. ಅದಕ್ಕೇ ಬ್ರೇಕ್ ಡೈವ್ ಥರ ನಿಧಾನದ ಚಲನೆಗೆ ದಪ್ಪ ಆಯಿಲ್ ಅಷ್ಟಾಗಿ ಉಪಯೋಗಕ್ಕೆ ಬರಲ್ಲ, ಆದ್ರೆ ಚೂಪಾದ ಗುಂಡಿಗೆ ಬಿದ್ದಾಗ ಆಯಿಲ್ ನುಗ್ಗೋಕಾಗದೆ ಏಟೆಲ್ಲ ಸೀದಾ ಮಣಿಕಟ್ಟಿಗೆ ಬರುತ್ತೆ. ಜೊತೆಗೆ ಸಾಲಾಗಿ ಗುಂಡಿ ಬಂದ್ರೆ ಒಂದ್ಸಲ ಒಳಗೆ ಹೋದ ಫೋರ್ಕ್ ಪೂರ್ತಿ ಹೊರಗೆ ಬರೋದ್ರೊಳಗೆ ಮುಂದಿನ ಗುಂಡಿ ಸಿಗುತ್ತೆ, ಹಾಗೇ ಇಳೀತಾ ಇಳೀತಾ ಕೊನೆಗೆ ಟ್ರಾವೆಲ್ಲೇ, ಅಂದ್ರೆ ಫೋರ್ಕ್ ಒಳಗೆ ಹೋಗೋಕೆ ಇರೋ ಜಾಗಾನೇ, ಉಳಿಯಲ್ಲ. ಇನ್ನೊಂದು, ಇಂಜಿನ್ ಆಯಿಲ್ ನಂಬರ್ರೂ ಫೋರ್ಕ್ ಆಯಿಲ್ ನಂಬರ್ರೂ ಒಂದೇ ಅಳತೆ ಅಲ್ಲ, 20 ಡಬ್ಲ್ಯೂ 50 ಅನ್ನೋದು 10 ಡಬ್ಲ್ಯೂ ಫೋರ್ಕ್ ಆಯಿಲ್‌ಗಿಂತ ಎಷ್ಟೋ ಮಂದ.

ಈಗ ಟೆಸ್ಟ್. ಮುಂದಿನ ಭಾಗ ಜೋರಾಗಿ ಒತ್ತಿ ಕೈ ಬಿಡಿ. ಒಂದು ಸಲ ಮೇಲೆ ಬಂದು ನಿಂತ್ರೆ ಡ್ಯಾಂಪಿಂಗ್ (ಆಯಿಲ್ ತಡೆಯೋ ಕೆಲ್ಸ) ಓಕೆ, ಎರಡು ಮೂರು ಸಲ ಕುಣಿದ್ರೆ ಆಯಿಲ್ ಕಮ್ಮಿ ಆಗಿದೆ ಇಲ್ಲಾ ಸತ್ತಿದೆ. ನೀವು ಹೇಳಿದ ಪುಟಿಯೋದು ಇದೇ ಇರ್ಬೇಕು. ಆಮೇಲೆ ಸ್ಯಾಗ್, ಅಂದ್ರೆ ನೀವು ಕೂತಾಗ ಭಾರಕ್ಕೆ ಫೋರ್ಕ್ ಎಷ್ಟು ಇಳಿಯುತ್ತೆ ಅಂತ, ಅಳೀರಿ, ಇದನ್ನ ಮಾತ್ರ ಯಾರೂ ಮಾಡಲ್ಲ, ಎಲ್ಲಾ ಕೈ ಅಂದಾಜು. ಫೋರ್ಕ್ ಪೈಪಿಗೆ ಒಂದು ಕೇಬಲ್ ಟೈ ಕಟ್ಟಿ, ಇಂಜಿನ್ ಕೆಳಗೆ ಮರದ ತುಂಡು ಕೊಟ್ಟು ವೀಲ್ ಗಾಳೀಲಿರೋ ಹಾಗೆ ಮಾಡಿ ಟೈನ ಡಸ್ಟ್ ಸೀಲಿಗೆ (ಪೈಪ್ ಒಳಗೆ ಹೋಗೋ ಜಾಗದ ರಬ್ಬರ್) ಅಂಟಿಸಿ, ಗಾಡಿ ಇಳಿಸಿ ಮೆತ್ತಗೆ ಹತ್ತಿ ಕೂತು ಕಾಲು ಫುಟ್‌ರೆಸ್ಟ್ ಮೇಲಿಡಿ, ಯಾರಾದ್ರೂ ಹಿಡ್ಕೊಂಡಿರ್ಲಿ, ಮೆತ್ತಗೆ ಇಳಿದು ಮತ್ತೆ ವೀಲ್ ಎತ್ತಿ ಟೈ ಎಷ್ಟು ಸರಿದಿದೆ ನೋಡಿ. ರೋಡ್ ಗಾಡಿಗೆ ಪೂರ್ತಿ ಟ್ರಾವೆಲ್‌ನ ನಾಲ್ಕನೇ ಒಂದರಿಂದ ಮೂರನೇ ಒಂದು ಭಾಗ ಇರ್ಬೇಕು. ಅದಕ್ಕಿಂತ ಜಾಸ್ತಿ ಅಂದ್ರೆ ಸ್ಪ್ರಿಂಗ್ ಕಡೆ ಕೆಲ್ಸ ಇದೆ.

ತುಮಕೂರ್_ರೈಡರ್:
ನಾನು 20 ಡಬ್ಲ್ಯೂ ಫೋರ್ಕ್ ಆಯಿಲ್ ಹಾಕ್ಕೊಂಡು ಓಡಿಸ್ತಿದೀನಿ, ಡೈವ್ ಕಮ್ಮಿ ಆಗಿದೆ, ಏನೂ ತೊಂದ್ರೆ ಇಲ್ವಲ್ಲ?

ಜೆಸಿ_ರೋಡ್_ರೆಗ್ಯುಲರ್:
ಹೈವೇಲಿ ಹೆಂಡ್ತಿ ಮಕ್ಕಳನ್ನ ಕೂರಿಸ್ಕೊಂಡು ಓಡಿಸೋ ಗಾಡಿ ಆದ್ರೆ ನಡೆಯುತ್ತೆ ಬ್ರೋ, ನಿಮ್ಮದು ತಪ್ಪು ಅಂತಿಲ್ಲ. ಹಳೇ ಆಯಿಲ್ ತೆಗೆದು ಯಾವ್ ಹೊಸ ಆಯಿಲ್ ಹಾಕಿದ್ರೂ ಅರ್ಧ ಫರಕ್ಕು ಅದ್ರಲ್ಲೇ ಗೊತ್ತಾಗುತ್ತೆ, ಅದೂ ಸೇರಿರುತ್ತೆ. ಆದ್ರೆ ಮಲೆನಾಡು ಕಡೆ ಚಳಿಗಾಲದ ಬೆಳಗಿನ ಜಾವ ಅದೇ ಆಯಿಲ್ ಇನ್ನೂ ಗಟ್ಟಿಯಾಗುತ್ತೆ, ಕಲ್ಲು ಎದ್ದಿರೋ ಎಸ್ಟೇಟ್ ರೋಡಲ್ಲಿ ಕೈ ಜೋಮು ಹಿಡಿಯುತ್ತೆ. ಹಾಸನದವ್ರಿಗೆ 10, ತುಂಬಾ ಅಂದ್ರೆ 15 ಸಾಕು.

ಹಾಸನ್_ಟೂಸ್ಟ್ರೋಕ್:
ತುಂಬಾ ಥ್ಯಾಂಕ್ಸ್. ಕೋನ್ ಸೆಟ್ ಸರಿ ಇದೆ, ಬೆರಳಿಟ್ಟು ನೋಡ್ದೆ ಆಟ ಇಲ್ಲ. ಸ್ಯಾಗ್ 48 ಮಿ.ಮೀ. ಬಂತು! ಸ್ಪ್ರಿಂಗ್ ತೆಗೆದು ಅಳೆದ್ರೆ ಪೂರ್ತಿ ಟ್ರಾವೆಲ್ 110ರ ಹತ್ರ ಇದೆ. ಆಯಿಲ್ ಇಳಿಸಿದ್ರೆ ಎಡಗಡೆ ಒಂದು ಲೋಟದಷ್ಟು ಬೂದಿ ಬಣ್ಣದ್ದು, ಮೀನಿನ ವಾಸನೆ, ತಳದಲ್ಲಿ ಬೆಳ್ಳಿ ಪುಡಿ ಥರ ಹೊಳೀತಿತ್ತು, ಬಲಗಡೆ ಅದರ ಅರ್ಧಾನೂ ಇರ್ಲಿಲ್ಲ. ಸ್ಪ್ರಿಂಗ್ ಎರಡೂ ಒಂದೇ ಉದ್ದ ಇವೆ. ಹೊಸ ಸ್ಪ್ರಿಂಗ್ ಇಲ್ಲಿ ಸಿಗ್ತಿಲ್ಲ, ಸಿಗೋ ಲೋಕಲ್ ಮಾಲು ಕೈಲಿ ಹಿಡಿದ್ರೇನೇ ಇದಕ್ಕಿಂತ ಸಾಫ್ಟ್ ಅನ್ಸುತ್ತೆ. ಸ್ಪ್ರಿಂಗ್ ಮೇಲೆ ಸ್ಪೇಸರ್ (ಅದನ್ನ ಒತ್ತಿಡೋ ತುಂಡು) ಹಾಕ್ಬಹುದಾ?

ಜೆಸಿ_ರೋಡ್_ರೆಗ್ಯುಲರ್:
ಆ ಹೊಳೆಯೋ ಪುಡಿ ಸ್ಪ್ರಿಂಗ್ ಪೈಪಿಗೆ ಉಜ್ಜಿ, ಬುಷ್ (ಪೈಪ್ ಜಾರೋ ಉಂಗುರ) ಸವೆದು ಬಂದಿದ್ದು. ಸೀಮೆಎಣ್ಣೆ ಇಲ್ಲಾ ಡೀಸೆಲ್ ಹಾಕಿ ಫೋರ್ಕ್ ಮೇಲೆ ಕೆಳಗೆ ಆಡಿಸಿ, ಕ್ಲೀನ್ ಬರೋವರೆಗೂ ತೊಳೀರಿ, ಆಮೇಲೆ ಒಂದು ರಾತ್ರಿ ತಲೆಕೆಳಗೆ ನಿಲ್ಲಿಸಿಡಿ.

ಸ್ಪೇಸರ್ ಖಂಡಿತ ಹಾಕ್ಬಹುದು. ಎಷ್ಟು ಮಿ.ಮೀ. ಸ್ಪೇಸರ್ ಏರಿಸ್ತೀರೋ ಸ್ಯಾಗ್ ಅಷ್ಟೇ ಇಳಿಯುತ್ತೆ. ನಿಮ್ಮದು 110ಕ್ಕೆ 30ರಿಂದ 35 ಇರ್ಬೇಕು, ಅಂದ್ರೆ 15 ಮಿ.ಮೀ. ಸಾಕು. ಪಿವಿಸಿ ಪೈಪ್ ತುಂಡು, ಫೋರ್ಕ್ ಪೈಪಿನ ಒಳಗಡೆ ಸಲೀಸಾಗಿ ಇಳಿಯೋ ಸೈಜು, ಎರಡೂ ತುದಿ ಸರಿಯಾಗಿ ನೇರ ಕತ್ತರಿಸಿ, ಸ್ಪ್ರಿಂಗಿಗೂ ಪಿವಿಸಿಗೂ ಮಧ್ಯೆ ದಪ್ಪ ವಾಷರ್, ಇಲ್ಲಾಂದ್ರೆ ಸ್ಪ್ರಿಂಗ್ ತುದಿ ಪಿವಿಸಿಯನ್ನ ತಿಂದು ಆ ಚೂರು ಆಯಿಲ್‌ಗೆ ಬೀಳುತ್ತೆ. ಲೇತಲ್ಲಿ ಅಲ್ಯೂಮಿನಿಯಂ ಮಾಡಿಸಿದ್ರೆ ಇನ್ನೂ ಒಳ್ಳೇದು. ಎರಡೂ ಕಡೆ ಒಂದೇ ಅಳತೆ.

ಹಾಕೋಕೆ ಮುಂಚೆ ಒಂದು ಲೆಕ್ಕ ಮಾಡ್ಲೇಬೇಕು. ಸ್ಪ್ರಿಂಗ್ ಸುತ್ತು ಎಷ್ಟಿವೆ ಎಣಿಸಿ ತಂತಿ ದಪ್ಪಕ್ಕೆ ಗುಣಿಸಿ, ಅದು ಸ್ಪ್ರಿಂಗ್ ಪೂರ್ತಿ ಅದುಮಿದಾಗಿನ ಉದ್ದ. ಬಿಟ್ಟ ಸ್ಪ್ರಿಂಗಿನ ಉದ್ದದಲ್ಲಿ ಅದನ್ನ ಕಳೀರಿ. ಉಳಿದಿದ್ದು, ಟ್ರಾವೆಲ್ 110 ಜೊತೆಗೆ ಈಗಿರೋ ಪ್ರೀಲೋಡು (ಕ್ಯಾಪ್ ಟೈಟ್ ಮಾಡಿದಾಗ್ಲೇ ಸ್ಪ್ರಿಂಗ್ ಎಷ್ಟು ಅದುಮಿರುತ್ತೋ ಅಷ್ಟು) ಜೊತೆಗೆ ಹೊಸ 15, ಇಷ್ಟಕ್ಕಿಂತ ಜಾಸ್ತಿ ಇರ್ಬೇಕು. ಇಲ್ಲಾಂದ್ರೆ ಫೋರ್ಕ್ ಕೊನೆ ಮುಟ್ಟೋಕೆ ಮುಂಚೇನೇ ಸ್ಪ್ರಿಂಗ್ ಸುತ್ತುಗಳು ಒಂದಕ್ಕೊಂದು ಅಂಟಿ ಕಬ್ಬಿಣದ ಕಂಬ ಆಗ್ಬಿಡುತ್ತೆ, ಕ್ಯಾಪ್ ಬೋಲ್ಟಿನ ಥ್ರೆಡ್ ಕಿತ್ಕೊಂಡು ಬರೋ ಚಾನ್ಸ್ ಇದೆ. ಮತ್ತೆ ಸ್ಪೇಸರ್ ಹಾಕಿದ್ರೆ ಸ್ಪ್ರಿಂಗ್ ಗಟ್ಟಿ ಆಗಲ್ಲ, ಗಾಡಿ ಸರಿಯಾದ ಎತ್ತರಕ್ಕೆ ಬಂದು ಕೆಳಗೆ ಹೋಗೋಕೆ ಜಾಗ ಸಿಗುತ್ತೆ ಅಷ್ಟೇ.

ಕೊನೇಲಿ ಬಡಿಯೋದಕ್ಕೆ ಆಯಿಲ್ ಲೆವೆಲ್ ನೋಡಿ. ಮ್ಯಾನುಯಲ್‌ನಲ್ಲಿ ಕೊಟ್ಟಿರೋ ಸಿಸಿ ಅಳತೆ ಎರಡೂ ಕಡೆ ಹಾಕಿ, ಸ್ಪ್ರಿಂಗ್ ಹೊರಗಿರ್ಲಿ, ಫೋರ್ಕ್ ಪೂರ್ತಿ ಅದುಮಿ, ಗಾಳಿ ಹೋಗೋವರೆಗೂ ನಾಲ್ಕಾರು ಸಲ ಆಡಿಸಿ, ಪೈಪಿನ ಬಾಯಿಂದ ಆಯಿಲ್ ಎಷ್ಟು ಕೆಳಗಿದೆ ಅಂತ ಸ್ಕೇಲಲ್ಲಿ ಅಳೀರಿ. ಎರಡೂ ಕಡೆ ಮಿ.ಮೀ.ಗೆ ಮಿ.ಮೀ. ಒಂದೇ ಇರ್ಬೇಕು. ಮೆಡಿಕಲ್ ಶಾಪಲ್ಲಿ ಸಿಗೋ ದೊಡ್ಡ ಸಿರಿಂಜಿಗೆ ಸಣ್ಣ ಟ್ಯೂಬ್ ಸಿಕ್ಕಿಸಿದ್ರೆ ಹೆಚ್ಚಾಗಿದ್ದು ಎಳೆದು ತೆಗೀಬಹುದು. ಆಯಿಲ್ ಮೇಲೆ ಉಳಿಯೋ ಗಾಳೀನೂ ಒಂದು ಸ್ಪ್ರಿಂಗೇ, ಅದರ ಜಾಗ ಅರ್ಧ ಆದ್ರೆ ಒತ್ತಡ ಎರಡು ಪಟ್ಟು. ಇನ್ನೂ ಬಡೀತಿದ್ರೆ ಲೆವೆಲ್ 10 ಮಿ.ಮೀ. ಏರಿಸಿ ಓಡಿಸಿ ನೋಡಿ. ತುಂಬಾ ಏರಿಸಿದ್ರೆ ಸೀಲ್ ಹಾರುತ್ತೆ.

ಮಲ್ನಾಡ್_ಡ್ರಮ್‌ಬ್ರೇಕ್:
ಬಲಗಡೆ ಅರ್ಧಾನೂ ಇರ್ಲಿಲ್ಲ ಅಂದ್ರಲ್ಲ, ಆ ಆಯಿಲ್ ಎಲ್ಲೋ ಹೋಗಿರ್ಲೇಬೇಕು. ಮುಂದಿನ ಡ್ರಮ್ ಬಿಚ್ಚಿ ಬ್ರೇಕ್ ಶೂ ನೋಡಿ, ಸೀಲಿಂದ ಸೋರಿದ ಆಯಿಲ್ ಲೆಗ್ಗಲ್ಲಿ ಇಳಿದು ಹಬ್ ಹತ್ರ ಹೋಗುತ್ತೆ, ಶೂಗೆ ಆಯಿಲ್ ಕುಡಿದಿದ್ರೆ ಪೆಟ್ರೋಲಲ್ಲಿ ತೊಳೆದು ವಾಪಸ್ ಹಾಕ್ಬೇಡಿ, ಹೊಸದೇ ಹಾಕಿ, ಘಾಟಿ ಇಳಿಯೋ ಗಾಡಿ ಅದು. ಪೈಪ್ ಮೇಲೆ ಉಗುರು ಆಡಿಸಿ, ಸೀಲ್ ಓಡಾಡೋ ಜಾಗದಲ್ಲಿ ತುಕ್ಕಿನ ಚುಕ್ಕೆ ಉಗುರಿಗೆ ಸಿಕ್ಕಿದ್ರೆ ಹೊಸ ಸೀಲೂ ಬೇಗ ಹರಿಯುತ್ತೆ, ಹಾರ್ಡ್ ಕ್ರೋಮ್ ಮಾಡಿಸಿ ಗ್ರೈಂಡ್ ಮಾಡ್ಸಿ ಇಲ್ಲಾ ಪೈಪ್ ಬದಲಾಯ್ಸಿ. ಬಿಚ್ಚಿದಾಗ್ಲೇ ಪೈಪನ್ನ ದಪ್ಪ ಗಾಜಿನ ಮೇಲೆ ಉರುಳಿಸಿ ನೋಡಿ, ಬೆಂಡ್ ಇದ್ರೆ ಕೆಳಗೆ ಬೆಳಕು ಕಾಣುತ್ತೆ. ಕಟ್ಟುವಾಗ ಆಕ್ಸಲ್ ನಟ್ ಸ್ವಲ್ಪ ಲೂಸ್ ಬಿಟ್ಟು ಬ್ರೇಕ್ ಹಿಡಿದು ಫೋರ್ಕ್ ಕೆಲವು ಸಲ ಒತ್ತಿ, ಎರಡು ಲೆಗ್ಗೂ ತಾವೇ ಸಾಲಿಗೆ ಬರ್ತವೆ, ಆಮೇಲೆ ಟೈಟ್ ಮಾಡಿ.

ಹಾಸನ್_ಟೂಸ್ಟ್ರೋಕ್:
ಎಲ್ಲಾ ಹಾಗೇ ಮಾಡ್ದೆ. ಶೂ ಹೊಸದು ಹಾಕ್ದೆ (ಬಲಗಡೆ ಸೀಲಿನ ತುಟಿ ಸೀಳಿತ್ತು, ಧೂಳು ಕೂತು ಮೇಲಿಂದ ಗೊತ್ತೇ ಆಗ್ತಿರ್ಲಿಲ್ಲ, ಎರಡೂ ಸೀಲ್ ಬದಲಾಯ್ಸಿದೆ), 10 ಡಬ್ಲ್ಯೂ ಆಯಿಲ್, 15ರ ಸ್ಪೇಸರ್. ಸ್ಪ್ರಿಂಗ್ ಲೆಕ್ಕದಲ್ಲಿ ಇನ್ನೂ ಜಾಗ ಇದೆ. ಸ್ಯಾಗ್ ಈಗ 34. ಸಕಲೇಶಪುರದಿಂದ ಗುಂಡ್ಯದವರೆಗೆ ಇಳಿಸಿ ನೋಡ್ದೆ, ಡೈವ್ ಇದೆ ಆದ್ರೆ ಬ್ರೇಕ್ ಬಿಟ್ಟಾಗ ಸುಮ್ನೆ ಎದ್ದು ನಿಲ್ಲುತ್ತೆ, ಪುಟಿಯಲ್ಲ, ಬಡಿಯೋದು ಪೂರ್ತಿ ನಿಂತಿದೆ. ಅಪ್ಪನೂ ಒಂದು ರೌಂಡ್ ಹೋಗಿ ಬಂದು ತಗೊಂಡ ಹೊಸದ್ರಲ್ಲಿ ಹೀಗೇ ಇತ್ತು ಅಂದ್ರು. ಡೈವ್ ಇನ್ನೂ ಕಮ್ಮಿ ಮಾಡೋಕೆ ಸ್ಪೇಸರ್ 25 ಮಾಡ್ಲಾ?

ಜೆಸಿ_ರೋಡ್_ರೆಗ್ಯುಲರ್:
ಬೇಡ, ಅಲ್ಲಿಗೇ ನಿಲ್ಸಿ. ಸುಮಾರು ನೂರು ಕೆ.ಜಿ. ಗಾಡಿ ಅದು, ಮುಂದಿನ ಬ್ರೇಕ್ ಹಿಡಿದಾಗ ಸ್ವಲ್ಪ ಇಳಿಯೋದು ಸಹಜ, ಟೈರಿಗೆ ಗ್ರಿಪ್ ಸಿಗೋದೂ ಆ ಭಾರ ಮುಂದಕ್ಕೆ ಬರೋದ್ರಿಂದ. 25 ಮಾಡಿದ್ರೆ ಸ್ಯಾಗ್ 24ಕ್ಕೆ ಇಳಿಯುತ್ತೆ, ವೀಲ್ ಗುಂಡಿಯೊಳಗೆ ಇಳಿಯೋಕೆ ಜಾಗ ಸಾಲದೆ ರೋಡ್ ಬಿಟ್ಟು ಹಾರುತ್ತೆ. ಇನ್ನೂ ಬೇಕು ಅನ್ಸಿದ್ರೆ ಆಯಿಲ್ ಲೆವೆಲ್ 5 ಮಿ.ಮೀ. ಏರಿಸಿ, ಬೇರೇನೂ ಮುಟ್ಬೇಡಿ. ಮತ್ತೆ ಮುಂದಿನ ಭಾಗ ಎತ್ತರ ಆಗಿರೋದ್ರಿಂದ ಹೆಡ್‌ಲೈಟ್ ಬೀಮ್ ಮೇಲೆ ಹೋಗಿರುತ್ತೆ, ರಾತ್ರಿ ಗೋಡೆ ಮುಂದೆ ನಿಲ್ಲಿಸಿ ನೀವು ಗಾಡಿ ಮೇಲೆ ಕೂತ್ಕೊಂಡೇ ಕೆಳಕ್ಕೆ ಸೆಟ್ ಮಾಡ್ಕೊಳ್ಳಿ.