ಪರಸ್ಪರ ಕೊಂದುಕೊಂಡ ಗುಂಪುಗಳೇ ಆಮೇಲೆ ಕೈಜೋಡಿಸುವುದು ಯಾಕೆ?

ಕಾಡುಹಾದಿ:
1990ರ ದಶಕದಲ್ಲಿ ಬಿಹಾರದಲ್ಲಿ ನಕ್ಸಲ್ ಗುಂಪುಗಳಾದ ಎಂಸಿಸಿ (ಮಾವೋಯಿಸ್ಟ್ ಕಮ್ಯುನಿಸ್ಟ್ ಸೆಂಟರ್) ಮತ್ತು ಪೀಪಲ್ಸ್ ವಾರ್‌ನವರು ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದರು. 2004ರ ಸೆಪ್ಟೆಂಬರ್ 21ರಂದು ಅವರೇ ಸೇರಿ ಸಿಪಿಐ (ಮಾವೋವಾದಿ) ಆದರು. ಭೂಗತ ಗುಂಪಿಗೆ ಹೊಸಬರೆಂದರೆ ಪೊಲೀಸ್ ಮಾಹಿತಿದಾರರ ಭಯ ಇದ್ದೇ ಇರುತ್ತದೆ. ಹಾಗಿದ್ದೂ ಸೇರುವುದೇಕೆ? ‘ಶತ್ರುವಿನ ಶತ್ರು ಮಿತ್ರ’ ಅನ್ನಬೇಡಿ, ಸರ್ಕಾರವೆಂಬ ಶತ್ರು ಮೊದಲೂ ಒಬ್ಬನೇ ಇದ್ದನಲ್ಲ.

ಬಯಲುಸೀಮೆ:
ನಕ್ಷೆ ಎದುರಿಗಿಟ್ಟುಕೊಂಡು ನೋಡಿ. ಪೀಪಲ್ಸ್ ವಾರ್ ಹುಟ್ಟಿದ್ದು 1980ರಲ್ಲಿ, ಆಂಧ್ರದಲ್ಲಿ. ತೆಲಂಗಾಣ, ದಂಡಕಾರಣ್ಯ ಅದರ ನೆಲೆ. 1969ರ ಎಂಸಿಸಿ ಬಲವಾಗಿದ್ದದ್ದು ಬಿಹಾರ ಮತ್ತು ಈಗಿನ ಜಾರ್ಖಂಡ್‌ನಲ್ಲಿ. 1998ರಲ್ಲಿ ಬಿಹಾರದ ‘ಪಾರ್ಟಿ ಯೂನಿಟಿ’ ಎಂಬ ಇನ್ನೊಂದು ನಕ್ಸಲ್ ಗುಂಪು ಪೀಪಲ್ಸ್ ವಾರ್‌ನಲ್ಲಿ ವಿಲೀನವಾಯಿತು. ಪಾರ್ಟಿ ಯೂನಿಟಿಗೂ ಎಂಸಿಸಿಗೂ ಮೊದಲೇ ಹಗೆ. ಹೊಸ ನೆಲದ ಜೊತೆಗೆ ಆ ಹಗೆಯೂ ಬಳುವಳಿಯಾಗಿ ಬಂತು. ಒಂದು ಮೈತ್ರಿಯೇ ಇನ್ನೊಂದು ಜಗಳ ತಂದ ಹಾಗಾಯಿತು.

ಜಗಳದಲ್ಲಿ ಎರಡೂ ಕಡೆ ಕಾರ್ಯಕರ್ತರು ಸತ್ತರು, ಹಳ್ಳಿಯ ಬೆಂಬಲ ಸೋರಿತು. ರಾಜಿ ಒಂದೇ ದಿನಕ್ಕೆ ಆಗಲಿಲ್ಲ. 2001ರಲ್ಲಿ ದಕ್ಷಿಣ ಏಷ್ಯಾದ ಮಾವೋವಾದಿ ಪಕ್ಷಗಳ ಸಮನ್ವಯ ಸಮಿತಿಯಲ್ಲಿ ಇಬ್ಬರೂ ಒಂದೇ ಚಾಪೆಯಲ್ಲಿ ಕೂತರು. ವಿಲೀನಕ್ಕೆ ಇನ್ನೂ ಮೂರು ವರ್ಷ ಹಿಡಿಯಿತು. ಹಂಚಿಕೆ ನೋಡಿ: ಪ್ರಧಾನ ಕಾರ್ಯದರ್ಶಿ ಪೀಪಲ್ಸ್ ವಾರ್‌ನ ಗಣಪತಿ, ಪೂರ್ವ ವಲಯದ ಬ್ಯೂರೋ ಎಂಸಿಸಿಯ ಕಿಶನ್ ಕೈಗೆ. ನಕ್ಸಲ್‌ಬಾರಿ ಚಳವಳಿಯ ಚಾರು ಮಜುಂದಾರ್, ಎಂಸಿಸಿ ಕಟ್ಟಿದ ಕನ್ಹಾಯಿ ಚಟರ್ಜಿ ಇಬ್ಬರನ್ನೂ ಸ್ಥಾಪಕ ನಾಯಕರೆಂದು ಒಪ್ಪಿಕೊಂಡರು. ಯಾರ ಫೋಟೊ ಗೋಡೆಯ ಮೇಲೆ ಎಂಬುದು ಹೊರಗಿನವರಿಗೆ ಕ್ಷುಲ್ಲಕ. ಒಳಗೆ ಅದೇ ದೊಡ್ಡ ತಕರಾರು. ಪ್ರಕಟಿಸಿದ ಹೊತ್ತೂ ಲೆಕ್ಕಾಚಾರದ್ದೇ: ಅಕ್ಟೋಬರ್ 14, ಆಂಧ್ರ ಸರ್ಕಾರದ ಜೊತೆ ಮಾತುಕತೆ ಶುರುವಾಗುವ ಹಿಂದಿನ ದಿನ.

ತಕ್ಕಡಿ:
ಮೇಲಿನದು ಸರಿ, ಆದರೆ ವಿಲೀನವನ್ನೂ ಮೈತ್ರಿಯನ್ನೂ ಒಂದೇ ತಟ್ಟೆಗೆ ಹಾಕಬಾರದು. ಬಹುಪಾಲು ಮೈತ್ರಿಗಳಲ್ಲಿ ಚಿಕ್ಕವನಿಗೆ ಬೇಕಾದದ್ದು ಹೆಸರು, ದೊಡ್ಡವನಿಗೆ ಬೇಕಾದದ್ದು ನೆಲ. ಅಲ್ಜೀರಿಯಾದ ಜಿಎಸ್‌ಪಿಸಿ ಎಂಬ ಇಸ್ಲಾಮಿ ಬಂಡುಕೋರ ಗುಂಪು ಸೊರಗುತ್ತಿದ್ದ ಕಾಲದಲ್ಲೇ, 2006ರ ಸೆಪ್ಟೆಂಬರ್‌ನಲ್ಲಿ, ಅಲ್ ಖೈದಾ ಸೇರಿದ್ದು. 2007ರ ಜನವರಿಗೆ ಹೆಸರನ್ನೂ ಬದಲಿಸಿಕೊಂಡಿತು.

ಹೆಸರಿಗೂ ಬೆಲೆಯಿದೆ. ಸೊಮಾಲಿಯಾದ ಅಲ್ ಶಬಾಬ್ ಗುಂಪು ಅಲ್ ಖೈದಾವನ್ನು ಬಹಿರಂಗವಾಗಿ ಸೇರುತ್ತೇನೆಂದಾಗ 2010ರಲ್ಲಿ ಬಿನ್ ಲಾಡೆನ್ ಬೇಡವೆಂದು ಪತ್ರ ಬರೆದ: ನಂಟು ಬಯಲಾದರೆ ಶತ್ರುಗಳು ಒಟ್ಟಾಗಿ ಮೇಲೆ ಬೀಳುತ್ತಾರೆ, ಬಡ ಜನರಿಗೆ ಬರುವ ನೆರವಿಗೂ ಅಡ್ಡಿಯಾಗುತ್ತದೆ ಎಂದು. ಅವನು ಸತ್ತ ಮೇಲೆ, 2012ರ ಫೆಬ್ರುವರಿಯಲ್ಲಿ, ಅವನ ಜಾಗಕ್ಕೆ ಬಂದ ಜವಾಹಿರಿ ಆ ನಂಟನ್ನು ಘೋಷಿಸಿದ.

ಕಾಡುಹಾದಿ:
ಹಾಗಾದರೆ ಮುರಿಯುವುದು ಎಲ್ಲಿ? ಹಣದಲ್ಲೋ, ಸಿದ್ಧಾಂತದಲ್ಲೋ?

ತಕ್ಕಡಿ:
ಹೆಚ್ಚಾಗಿ ‘ಯಾರ ಮಾತು ನಡೆಯಬೇಕು’ ಎಂಬಲ್ಲಿ. ಇರಾಕ್‌ನಲ್ಲಿ ಉಗ್ರ ಗುಂಪು ನಡೆಸುತ್ತಿದ್ದ ಜರ್ಕಾವಿ 2004ರಲ್ಲಿ ಬಿನ್ ಲಾಡೆನ್‌ಗೆ ನಿಷ್ಠೆಯ ಪ್ರತಿಜ್ಞೆ ಮಾಡಿದ. ಮರುವರ್ಷವೇ, ಆಗ ಅಲ್ ಖೈದಾದ ಎರಡನೆಯ ನಾಯಕನಾಗಿದ್ದ ಜವಾಹಿರಿ, ಶಿಯಾ ಜನರ ಮೇಲಿನ ದಾಳಿಯಿಂದ, ತಲೆ ಕಡಿಯುವ ದೃಶ್ಯಗಳಿಂದ ಜನ ದೂರವಾಗುತ್ತಾರೆ ಎಂದು ಪತ್ರ ಬರೆಯಬೇಕಾಯಿತು. ಎತ್ತು ಏರಿಗೆ, ಕೋಣ ನೀರಿಗೆ. ಹೆಸರು ಅಲ್ ಖೈದಾದ್ದು, ಹಿಡಿತ ಮಾತ್ರ ಅದರದ್ದಲ್ಲ. 2013ರಲ್ಲಿ ಅದೇ ಇರಾಕ್ ಗುಂಪಿನ ಆಗಿನ ನಾಯಕ ಬಾಗ್ದಾದಿ, ಸಿರಿಯಾದ ನುಸ್ರಾ ಗುಂಪನ್ನು ತನ್ನೊಳಗೆ ಸೇರಿಸಿಕೊಂಡೆ ಎಂದ, ನುಸ್ರಾದ ನಾಯಕ ಜೋಲಾನಿ ಒಪ್ಪಲಿಲ್ಲ. 2014ರ ಫೆಬ್ರುವರಿಯಲ್ಲಿ ಅಲ್ ಖೈದಾ ಬಾಗ್ದಾದಿಯ ನಂಟನ್ನೇ ಕಡಿದುಕೊಂಡಿತು.

ಉಲ್ಟಾ ಉದಾಹರಣೆಯೂ ಇದೆ. ನೈಜೀರಿಯಾದ ಬೋಕೊ ಹರಾಮ್ ಗುಂಪಿನ ನಾಯಕ ಶೆಕಾವು 2015ರ ಮಾರ್ಚ್‌ನಲ್ಲಿ ಬಾಗ್ದಾದಿಯ ಐಸಿಸ್‌ಗೆ ನಿಷ್ಠೆಯ ಪ್ರತಿಜ್ಞೆ ಮಾಡಿದ. 2016ರ ಆಗಸ್ಟ್‌ನಲ್ಲಿ ಐಸಿಸ್ ಅವನ ಜಾಗಕ್ಕೆ ಬೇರೆಯವನನ್ನು ಹೆಸರಿಸಿತು, ಗುಂಪು ಒಡೆಯಿತು. 2021ರಲ್ಲಿ ಶೆಕಾವು ಸತ್ತದ್ದು ಆ ಇನ್ನೊಂದು ಬಣ ಮುತ್ತಿದಾಗಲೇ. ದೊಡ್ಡವರ ಮುದ್ರೆ ಕೇಳಿ ಪಡೆದವನ ಕುರ್ಚಿಗೇ ಅದೇ ಮುದ್ರೆ ಕುತ್ತು ತಂದಿತು.

ಘಟ್ಟದ ಮಳೆ:
ಗುರಿಯೇ ಬೇರೆ ಇರುವವರೂ ಸೇರುತ್ತಾರೆ, ಒಂದು ಕೆಲಸದ ಮಟ್ಟಿಗೆ. 1972ರ ಮೇ 30ರಂದು ಇಸ್ರೇಲ್‌ನ ಲಾಡ್ ವಿಮಾನ ನಿಲ್ದಾಣದಲ್ಲಿ ಪ್ಯಾಲೆಸ್ತೀನಿನ ಪಿಎಫ್‌ಎಲ್‌ಪಿ ಎಂಬ ಎಡಪಂಥೀಯ ಸಶಸ್ತ್ರ ಗುಂಪಿನ ಪರವಾಗಿ ಗುಂಡು ಹಾರಿಸಿದವರು ಮೂವರು ಜಪಾನೀಯರು. ಸತ್ತ 26 ಜನರಲ್ಲಿ ಹೆಚ್ಚಿನವರು ಪೋರ್ಟೊ ರಿಕೊದ ಯಾತ್ರಿಕರು. ಜಪಾನೀಯರ ಮೇಲೆ ಅಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅವರ ಮುಖವೇ ಅಲ್ಲಿ ಬಂಡವಾಳ.

ನಮ್ಮ ಘಟ್ಟದ ಕಡೆಗೆ ಬಂದರೆ: 2014ರ ಮೇ 1ರಂದು ಸಿಪಿಐ (ಎಂಎಲ್) ನಕ್ಸಲ್‌ಬಾರಿ ಎಂಬ ಗುಂಪು ಮಾವೋವಾದಿಗಳ ಜೊತೆ ವಿಲೀನವಾಯಿತು. ಕೇರಳ, ಕರ್ನಾಟಕ, ತಮಿಳುನಾಡು ಕೂಡುವ ಕಾಡು ಒಂದೇ ನೆಲೆಯಾಗಬೇಕೆಂಬುದು ಮಾವೋವಾದಿಗಳ ಆಸೆ. ಆದರೆ ವಿಲೀನದಿಂದ ಸಂಘಟನೆ ಸಿಗಬಹುದು, ಅನ್ನ ಹಾಕುವ ಊರು ಸಿಗುವುದಿಲ್ಲ. 2024ರ ನವೆಂಬರ್‌ನಲ್ಲಿ ಹೆಬ್ರಿ ಬಳಿ ಮಾವೋವಾದಿ ನಾಯಕ ವಿಕ್ರಂ ಗೌಡ ಎನ್‌ಕೌಂಟರ್‌ನಲ್ಲಿ ಸತ್ತ. 2025ರ ಜನವರಿ 8ರಂದು ಬೆಂಗಳೂರಿನಲ್ಲಿ ಆರು ಮಂದಿ ಮಾವೋವಾದಿಗಳು ಶರಣಾದರು: ಕರ್ನಾಟಕದ ನಾಲ್ವರು, ಕೇರಳ ಮತ್ತು ತಮಿಳುನಾಡಿನ ಒಬ್ಬೊಬ್ಬರು.