ಎರಡು ವರ್ಷದ ಮಗಳು ತಟ್ಟೆ ಕಂಡರೆ ಬಾಯಿ ಮುಚ್ಚಿಕೊಳ್ಳುತ್ತಾಳೆ, ಏನು ಮಾಡಲಿ?

ಪುಟ್ಟಿ ಅಮ್ಮ, ದಾವಣಗೆರೆ

ನನ್ನ ಮಗಳಿಗೆ ಎರಡು ವರ್ಷ ಮೂರು ತಿಂಗಳು. ಮೊದಲು ರಾಗಿ ಸರಿ, ತಿಳಿಸಾರು ಅನ್ನ, ಬೇಯಿಸಿದ ಕ್ಯಾರೆಟ್ ಎಲ್ಲಾ ತಿನ್ನುತ್ತಿದ್ದಳು. ಆರು ತಿಂಗಳಿಂದ ಊಟ ಕಡಿಮೆ ಆಗುತ್ತಾ ಬಂತು. ಹೋದ ತಿಂಗಳು ಜ್ವರ ಬಂದು ನಾಲ್ಕು ದಿನ ಮಲಗಿದಳು, ಆಮೇಲೆ ಪೂರ್ತಿ ನಿಂತೇಹೋಯ್ತು. ತಟ್ಟೆ ಕಂಡರೆ ತುಟಿ ಬಿಗಿಹಿಡಿಯುತ್ತಾಳೆ. ಹೇಗೋ ಬಾಯಿಗಿಟ್ಟರೆ ತುತ್ತನ್ನು ಕೆನ್ನೆಯಲ್ಲೇ ಇಟ್ಟುಕೊಂಡು ಅರ್ಧ ಗಂಟೆ ಕೂರುತ್ತಾಳೆ.

ನಮ್ಮತ್ತೆ ಮೊಬೈಲ್ ತೋರಿಸಿ ನಾಲ್ಕು ತುತ್ತು ಹಾಕುತ್ತಾರೆ. ಅವರಿಗೂ ಪಾಪ ಮೊಮ್ಮಗಳು ಸೊರಗಿದಳು ಅನ್ನೋ ಸಂಕಟ. ಮೊನ್ನೆ ನಾನು ಜೋರಾಗಿ ಗದರಿಬಿಟ್ಟೆ. ಅತ್ತು ಅತ್ತು ವಾಂತಿ ಮಾಡಿಕೊಂಡಳು. ರಾತ್ರಿಯಿಡೀ ನನಗೆ ನಿದ್ದೆ ಬರಲಿಲ್ಲ.

ಹಾಲು ಮಾತ್ರ ಬಾಟಲಿಯಲ್ಲಿ ದಿನಕ್ಕೆ ಮೂರು ಸಲ ಕುಡಿಯುತ್ತಾಳೆ, ಒಂದೊಂದು ಸಲಕ್ಕೆ 250 ಎಂ.ಎಲ್. ನಡುವೆ ಬಿಸ್ಕತ್ತು. ತೂಕ 10.6 ಕೆ.ಜಿ., ಆರು ತಿಂಗಳ ಹಿಂದೆ 9.7 ಇತ್ತು. ಪಕ್ಕದ ಮನೆಯವರು ಹಸಿವಿನ ಟಾನಿಕ್ ಹಾಕು ಅಂತಾರೆ. ಕೊಡಬಹುದಾ?

ಹುಬ್ಬಳ್ಳಿ ಅಕ್ಕ

ಜ್ವರ ಬಂದಿತ್ತು ಅಂದ್ರಲ್ಲ, ಬಾಯಿ ಒಳಗೆ ಹುಣ್ಣು ಇದೆಯಾ ಟಾರ್ಚ್ ಹಾಕಿ ನೋಡಿ. ಮಲಬದ್ಧತೆ ಇದ್ದರೂ ಮಕ್ಕಳು ಊಟ ಬಿಡುತ್ತಾರೆ. ನನ್ನ ಮಗನಿಗೆ ಅದೇ ಆಗಿತ್ತು.

ಅಂಗನವಾಡಿ ಟೀಚರ್, ತಿಪಟೂರು

ಮೊದಲು ಸಮಾಧಾನ ಮಾಡಿಕೊಳ್ಳಮ್ಮಾ. ನಾನು 22 ವರ್ಷದಿಂದ ಈ ವಯಸ್ಸಿನ ಮಕ್ಕಳ ತೂಕ ನೋಡುತ್ತಾ ಇದ್ದೇನೆ. ಹುಟ್ಟಿದಾಗ ಮೂರು ಕೆ.ಜಿ. ಇದ್ದ ಕೂಸು ವರ್ಷ ತುಂಬುವಾಗ ಒಂಬತ್ತರ ಹತ್ತಿರ ಬರುತ್ತೆ. ಆಮೇಲೆ ವರ್ಷಕ್ಕೆ ಎರಡು, ಎರಡೂವರೆ ಕೆ.ಜಿ. ಅಷ್ಟೇ. ಬೆಳೆಯೋ ವೇಗ ಇಳಿದಾಗ ಹಸಿವೂ ಇಳಿಯುತ್ತೆ. ತಾಯಿ ಕಾರ್ಡ್‌ನಲ್ಲಿರೋ ಮಗುವಿನ ಬೆಳವಣಿಗೆಯ ನಕ್ಷೆ ತೆಗೆದು ಎರಡೂ ತೂಕದ ಚುಕ್ಕೆ ಇಟ್ಟು ನೋಡಿ. ನಿಮ್ಮ ಮಗು ಹಸಿರು ಪಟ್ಟಿಯಲ್ಲೇ, ಅಂದರೆ ವಯಸ್ಸಿಗೆ ಸರಿಯಾದ ತೂಕದಲ್ಲೇ ಇರುತ್ತೆ, ಗೆರೆ ಮೇಲಕ್ಕೇ ಹೋಗಿರುತ್ತೆ.

ನನಗೆ ಕಾಣೋ ತೊಂದರೆ ಆ ಹಾಲು. 750 ಎಂ.ಎಲ್. ಈ ವಯಸ್ಸಿಗೆ ತುಂಬಾ ಜಾಸ್ತಿ. ಪುಟ್ಟ ಹೊಟ್ಟೆ ಅದರಲ್ಲೇ ತುಂಬಿಹೋಗುತ್ತೆ. ಹಾಲಿನಲ್ಲಿ ಕಬ್ಬಿಣಾಂಶ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ರಕ್ತ ಕಡಿಮೆಯಾದರೆ ಹಸಿವು ಇನ್ನೂ ಸತ್ತುಹೋಗುತ್ತೆ, ಆಗ ಮಗು ಮತ್ತೆ ಹಾಲನ್ನೇ ಕೇಳುತ್ತೆ. ಬಾಟಲಿ ಬಿಡಿಸಿ. ದಿನಕ್ಕೆ ಎರಡು ಸಣ್ಣ ಲೋಟ ಸಾಕು, ಅದೂ ಊಟ ಆದಮೇಲೆ. ಮಕ್ಕಳ ಡಾಕ್ಟರ ಹತ್ತಿರ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. 11ಕ್ಕಿಂತ ಕೆಳಗಿದ್ದರೆ ರಕ್ತಹೀನತೆ ಅಂತ ಲೆಕ್ಕ. ಜಂತುಹುಳದ ಮಾತ್ರೆ ಕೊಟ್ಟು ಎಷ್ಟು ದಿನ ಆಯ್ತು ಅಂತಲೂ ಅವರಿಗೆ ಹೇಳಿ. ಅವರನ್ನು ಕೇಳದೆ ಟಾನಿಕ್ ಬೇಡ. ಹಸಿವಿನ ಸಿರಪ್ ಕೆಲವು ಮಕ್ಕಳಿಗೆ ಮಂಪರು ತರುತ್ತವೆ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಅತ್ತೆಯವರಿಗೂ ಓದಿ ಹೇಳಿ. ನಮ್ಮಲ್ಲಿಗೆ ಹೊಸದಾಗಿ ಬರೋ ಮಕ್ಕಳು ಮೊದಲ ವಾರ ಏನೂ ತಿನ್ನಲ್ಲ. ನಾನು ತಿನ್ನಿಸೋಕೆ ಹೋಗಲ್ಲ. ಎಲ್ಲರ ಸಾಲಿನಲ್ಲಿ ಕೂರಿಸಿ ತಟ್ಟೆಗೆ ಎರಡು ಚಮಚ ಹಾಕಿ ಸುಮ್ನೆ ಇರುತ್ತೇನೆ. ಪಕ್ಕದ ಮಗು ತಿನ್ನೋದು ನೋಡಿ ಒಂದು ದಿನ ತಾನೇ ಕೈ ಹಾಕುತ್ತೆ. ಏನು, ಯಾವಾಗ ಕೊಡಬೇಕು ಅನ್ನೋದು ನಮ್ಮ ಕೈಯಲ್ಲಿ. ಎಷ್ಟು ತಿನ್ನಬೇಕು ಅನ್ನೋದನ್ನು ಮಗುವಿಗೇ ಬಿಡಿ. ಇಪ್ಪತ್ತು ನಿಮಿಷ ಆದಮೇಲೆ ತಟ್ಟೆ ಎತ್ತಿಬಿಡಿ, ಬೈಯಬೇಡಿ.

ತೂಕ ಇಳಿದರೆ, ನುಂಗುವಾಗ ನೋವು ಅಂದರೆ, ಪದೇ ಪದೇ ವಾಂತಿಯಾದರೆ, ಮಣ್ಣು ತಿನ್ನೋಕೆ ಶುರು ಮಾಡಿದರೆ ಕಾಯಬೇಡಿ, ಅವತ್ತೇ ತೋರಿಸಿ.

ಇಬ್ಬರು ಮಕ್ಕಳ ಅಪ್ಪ, ಮೈಸೂರು

ಟೀಚರ್ ಹೇಳಿದ್ದು ನಿಜ. ನಮ್ಮ ಮನೇಲಿ ಮೊಬೈಲ್ ನಿಲ್ಲಿಸಿದ ಮೊದಲ ಮೂರು ದಿನ ಬಹಳ ಕಷ್ಟವಾಯ್ತು. ಆಮೇಲೆ ಚಪಾತಿ ಹಿಟ್ಟಿನ ಒಂದು ಉಂಡೆ ಮಗಳ ಕೈಗೆ ಕೊಡೋಕೆ ಶುರು ಮಾಡಿದೆವು. ತಾನು ಒತ್ತಿದ ಚಪಾತಿ ಅಂದರೆ ಅದನ್ನು ತಿಂದೇ ತಿನ್ನುತ್ತಾಳೆ.

ಪುಟ್ಟಿ ಅಮ್ಮ, ದಾವಣಗೆರೆ

ಮೂರು ವಾರ ಆಯ್ತು, ಹೇಳಬೇಕು ಅನ್ನಿಸಿತು. ಬಾಯಲ್ಲಿ ಹುಣ್ಣು ಇರಲಿಲ್ಲ. ಹಿಮೋಗ್ಲೋಬಿನ್ 9.8 ಬಂತು. ಡಾಕ್ಟರು ಕಬ್ಬಿಣಾಂಶದ ಸಿರಪ್ ಬರೆದುಕೊಟ್ಟರು. ಕಕ್ಕ ಕಪ್ಪಗಾದಾಗ ಹೆದರಿ ಫೋನ್ ಮಾಡಿದೆ, ಸಿರಪ್‌ನಿಂದ ಹಾಗಾಗುತ್ತೆ ಅಂದರು.

ಬಾಟಲಿ ಬಿಡಿಸಿದ ಎರಡು ರಾತ್ರಿ ಮನೆಯಲ್ಲಿ ಯಾರೂ ಮಲಗಲಿಲ್ಲ. ಅತ್ತೆ "ಪಾಪ, ಕೊಟ್ಟುಬಿಡು" ಅಂತ ಕಣ್ಣೀರು ಹಾಕಿದರು. ಆಮೇಲೆ ಟೀಚರ್ ಅಕ್ಕ ಬರೆದಿದ್ದನ್ನು ಇನ್ನೊಂದು ಸಲ ಓದಿ ಹೇಳಿದೆ. ಈಗ ಅವರೇ ಮೊಬೈಲ್ ಬೀರುವಿನಲ್ಲಿಟ್ಟು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಊಟ ಮಾಡುತ್ತಾರೆ. ಐದನೇ ದಿನ ಅವರ ತಟ್ಟೆಯಿಂದ ಒಂದು ಚೂರು ರೊಟ್ಟಿ ಕಿತ್ತು ಬೇಳೆಯಲ್ಲಿ ಅದ್ದಿ ಬಾಯಿಗೆ ಹಾಕಿಕೊಂಡಳು. ನಾವಿಬ್ಬರೂ ಉಸಿರು ಬಿಗಿಹಿಡಿದು ಬೇರೆ ಕಡೆ ನೋಡುತ್ತಾ ಕೂತಿದ್ದೆವು.

ನಿನ್ನೆ ಅರ್ಧ ರೊಟ್ಟಿ ತಿಂದಳು. ಸೊಪ್ಪಿನ ಪಲ್ಯ ಮಾತ್ರ ಇನ್ನೂ ಮುಟ್ಟಿಲ್ಲ. ದಿನಾ ಒಂದು ಚಮಚ ತಟ್ಟೆಯಲ್ಲಿ ಇಡುತ್ತಾ ಇದ್ದೇನೆ.