ಹಳೇ ಎಂಎಂ 540 ಸೈಲೆನ್ಸರ್ ಪೂರ್ತಿ ಹೋಗಿದೆ, ಎಲ್ಲಿಂದ ಶುರು ಮಾಡಲಿ?

ನಾಪೋಕ್ಲು ಹುಡುಗ:

ಎಲ್ಲರಿಗೂ ನಮಸ್ಕಾರ. ನಮ್ಮದು 1994ರ ಮಹೀಂದ್ರಾ ಎಂಎಂ 540, ಅದೇ 2112 ಸಿಸಿ ಪೂಜೋ ಡೀಸೆಲ್ ಎಂಜಿನ್. ಅಪ್ಪ ತೆಗೆದುಕೊಂಡ ಜೀಪು. ಈಗ ತೋಟದೊಳಗೇ ಜಾಸ್ತಿ ಓಡಾಟ. ಗೊಬ್ಬರ, ಕಾಫಿ ಚೀಲ, ಕೆಲಸದವರು, ಸಂತೆ ದಿನ ಊರಿಗೊಂದು ಸುತ್ತು, ಅಷ್ಟೇ.

ಈ ಸಲ ಮಳೆ ಮುಗಿಯುವಷ್ಟರಲ್ಲಿ ಸೈಲೆನ್ಸರ್ ಕಥೆಯೂ ಮುಗಿಯಿತು. ಆಗಸ್ಟ್‌ನಲ್ಲಿ ಹಿಂದಿನ ಪೈಪು ಉದುರಿತು, ಬೈಂಡಿಂಗ್ ವೈರ್ ಹಾಕಿ ಕಟ್ಟಿದೆ. ಆಮೇಲೆ ಸೈಲೆನ್ಸರ್ ಡಬ್ಬದಲ್ಲಿ ತೂತು ಬಿತ್ತು, ಎಣ್ಣೆ ಡಬ್ಬಿಯ ತಗಡು ಸುತ್ತಿ ಕ್ಲಾಂಪ್ ಹಾಕಿದೆ. ಮೊನ್ನೆ ತೋಡು ದಾಟುವಾಗ ಕಲ್ಲಿಗೆ ತಾಗಿ ಡಬ್ಬದ ಹೊಟ್ಟೆಯೇ ಕಿತ್ತುಹೋಯಿತು, ಒಳಗಿಂದ ಒಂದು ಬೊಗಸೆ ತುಕ್ಕಿನ ಪುಡಿ ಸುರಿಯಿತು. ಈಗ ಸದ್ದು ಹೇಗಿದೆ ಅಂದರೆ ನಾನಿನ್ನೂ ಗೇಟಿನ ಆಚೆ ಇರುವಾಗಲೇ ಅಮ್ಮ ಕಾಫಿಗೆ ನೀರಿಡುತ್ತಾರೆ.

ನನ್ನ ತಲೆಬಿಸಿ ಏನೆಂದರೆ, ಇದೇ ಡಬ್ಬವನ್ನು ಎರಡು ವರ್ಷದ ಹಿಂದಷ್ಟೇ ಹೊಸದು ಹಾಕಿಸಿದ್ದು. ಅದಕ್ಕೂ ಮೊದಲಿನದು ಎಂಟು ವರ್ಷ ಬಂದಿತ್ತು. ಇಲ್ಲಿನ ವೆಲ್ಡರ್ ತಾನೇ ಪೈಪು ಬಗ್ಗಿಸಿ ಮಾಡಿಕೊಡುತ್ತೇನೆ ಅನ್ನುತ್ತಾರೆ. ಮೈಸೂರಿನಲ್ಲಿ ರೆಡಿ ಸೆಟ್ ಸಿಗುತ್ತದೆ ಅಂತ ಒಬ್ಬರು, ಸ್ಟೇನ್‌ಲೆಸ್ ಹಾಕಿಸಿ ಮರೆತುಬಿಡಿ ಅಂತ ಇನ್ನೊಬ್ಬರು. ಕಾಫಿ ಕುಯ್ಲು ಶುರುವಾಗುವ ಮೊದಲು ಮುಗಿಸಬೇಕು. ಏನು ಮಾಡಲಿ?

ಇನ್ನೊಂದು ವಿಷಯ, ಇದಕ್ಕೆ ಸಂಬಂಧ ಇದೆಯೋ ಇಲ್ಲವೋ ಗೊತ್ತಿಲ್ಲ. ಹೋದ ವಾರ ಅಕ್ಕನ ಮಕ್ಕಳು ಹಿಂದೆ ಕೂತು ಬಂದವರು ಇಳಿದ ತಕ್ಷಣ ತಲೆನೋವು ಅಂದರು. ತಿರುವಿಗೆ ಹಾಗಾಗಿದೆ ಅಂತ ಸುಮ್ಮನಾದೆವು.

ಮಣ್ಣುದಾರಿ:

ಬ್ರೋ ಡಬ್ಬ ಯಾಕೆ? ತೆಗೆದು ಬಿಸಾಕಿ, ಮ್ಯಾನಿಫೋಲ್ಡಿಂದ (ಎಂಜಿನ್ ಹೊಗೆ ಹೊರಬರುವ ಕವಲು) ನೇರ ಎರಡೂವರೆ ಇಂಚು ಪೈಪು ಎಳೆಯಿರಿ. ಪಿಕಪ್ ಬರುತ್ತದೆ, ಸೌಂಡೂ ಮಸ್ತ್, ಖರ್ಚೂ ಕಮ್ಮಿ. ತುಕ್ಕು ಹಿಡಿಯಲು ಡಬ್ಬವೇ ಇರುವುದಿಲ್ಲ.

ಹಳೇಜೀಪು:

ತಮ್ಮಾ, ಕೊನೆಗೆ ಬರೆದದ್ದನ್ನು ನೀವು ಮೊದಲು ಬರೆಯಬೇಕಿತ್ತು. ಪೈಪು ಸರಿಯಾಗುವವರೆಗೆ ಆ ಜೀಪಿನ ಹಿಂದೆ ಯಾರನ್ನೂ ಕೂರಿಸಬೇಡಿ, ಮಕ್ಕಳನ್ನಂತೂ ಬೇಡವೇ ಬೇಡ. ಟಾರ್ಪಾಲ್ ಹುಡ್ ಇರುವ ಜೀಪು ಓಡುವಾಗ ಹಿಂಬದಿಯಲ್ಲಿ ಗಾಳಿ ಸುಳಿ ಹೊಡೆದು ಹೊಗೆಯನ್ನು ಒಳಗೇ ಎಳೆಯುತ್ತದೆ. ಪೈಪು ಬಾಡಿಯ ಅಡಿಯಲ್ಲೇ ತುಂಡಾಗಿದ್ದರೆ ಕೇಳುವುದೇ ಬೇಡ. ಡೀಸೆಲ್‌ನಲ್ಲಿ ಪೆಟ್ರೋಲಿನಷ್ಟು ಕಾರ್ಬನ್ ಮಾನಾಕ್ಸೈಡ್ ಬರುವುದಿಲ್ಲ ನಿಜ, ಆದರೆ ಬರುವುದೇ ಇಲ್ಲ ಅಂತಲ್ಲ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಮೊದಲು ಬರುವುದೇ ತಲೆನೋವು. ಮಳೆಗೆ ನಾಲ್ಕೂ ಕಡೆ ಪರದೆ ಇಳಿಸಿ ಓಡಿಸುವವರು ನಾವು, ಅದಕ್ಕೇ ಹೇಳುತ್ತಿದ್ದೇನೆ.

ಈಗ ಡಬ್ಬ ಎರಡೇ ವರ್ಷಕ್ಕೆ ಯಾಕೆ ಹೋಯಿತು ಅನ್ನುವುದಕ್ಕೆ ಬರೋಣ. ಎಲ್ಲರೂ ಮಳೆಗೆ ಬಯ್ಯುತ್ತಾರೆ. ಮಳೆ ಹೊರಗಿಂದ ತಿನ್ನುತ್ತದೆ, ಆದರೆ ಡಬ್ಬ ಸಾಯುವುದು ಒಳಗಿಂದ. ಒಂದು ಲೀಟರ್ ಡೀಸೆಲ್ ಉರಿದರೆ ಹೆಚ್ಚು ಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ, ಆವಿಯಾಗಿ. ಮೈಸೂರಿಗೆ ಹೋಗಿ ಬರುವ ಗಾಡಿಯಲ್ಲಿ ಡಬ್ಬ ಚೆನ್ನಾಗಿ ಕಾದು ಅದೆಲ್ಲ ಆಚೆ ಹೋಗುತ್ತದೆ. ನಿಮ್ಮ ಹಾಗೆ ಮನೆಯಿಂದ ಕಣಕ್ಕೆ, ಕಣದಿಂದ ಲೈನ್ ಮನೆಗೆ, ಹತ್ತು ನಿಮಿಷ ಓಡಿಸಿ ಆಫ್ ಮಾಡಿದರೆ ಡಬ್ಬ ಬಿಸಿಯಾಗುವುದೇ ಇಲ್ಲ. ಆವಿ ಅಲ್ಲೇ ತಣಿದು ನೀರಾಗಿ, ಹೊಗೆಯ ಆಮ್ಲ ಸೇರಿಕೊಂಡು, ತಳದಲ್ಲಿ ಕೂರುತ್ತದೆ. ಹಳೇ ಡೀಸೆಲ್‌ನಲ್ಲಿ ಗಂಧಕ ಜಾಸ್ತಿ ಇದ್ದಾಗ ಇದು ಇನ್ನೂ ಕೆಟ್ಟದಿತ್ತು. 2020ರ ಏಪ್ರಿಲ್‌ನಿಂದ ಬರುತ್ತಿರುವ ಬಿಎಸ್ 6 ಡೀಸೆಲ್‌ನಲ್ಲಿ ಗಂಧಕ 10 ಪಿಪಿಎಂ (ಹತ್ತು ಲಕ್ಷದಲ್ಲಿ 10 ಪಾಲು) ಮಾತ್ರ.

ಆದರೆ ನಿಮ್ಮ ಹಿಂದಿನದು ಎಂಟು ವರ್ಷ ಬಂದಿದೆ, ಓಡಾಟವೂ ಅದೇ ಇದ್ದಿರಬೇಕು. ಹಾಗಾದರೆ ಬೇರೆ ಏನೋ ಬದಲಾಗಿದೆ. ಹೊಸ ಡಬ್ಬವನ್ನು ಹೇಗೆ ತೂಗುಹಾಕಿದ್ದರು ಅಂತ ನೋಡಿ. ಮುಂದಕ್ಕೆ ವಾಲಿದ್ದರೆ ನೀರು ಹೊರಗೆ ಹೋಗುವ ದಾರಿಯೇ ಇಲ್ಲ. ಹ್ಯಾಂಗರ್ ರಬ್ಬರ್ ಇದೆಯೋ, ಇಲ್ಲ ನೇರ ಚಾಸಿಗೆ ಪಟ್ಟಿ ವೆಲ್ಡ್ ಮಾಡಿದ್ದಾರೋ ನೋಡಿ. ಆಮೇಲೆ ಬಾನೆಟ್ ಎತ್ತಿ, ಯಾರನ್ನಾದರೂ ಕೂರಿಸಿ ಸ್ಟಾರ್ಟ್ ಮಾಡಿ ಆಫ್ ಮಾಡಲು ಹೇಳಿ. ಆಫ್ ಮಾಡಿದಾಗ ಎಂಜಿನ್ ಎಷ್ಟು ಕುಣಿಯುತ್ತದೆ? ಎಂಜಿನ್ ಮೌಂಟಿಂಗ್ ರಬ್ಬರ್ ಸತ್ತಿದ್ದರೆ ಆ ಕುಣಿತವನ್ನೆಲ್ಲ ಪೈಪೇ ತಿನ್ನುತ್ತದೆ. ಜಾಯಿಂಟ್ ಬಿರುಕು ಬಿಡುವುದು, ಹಿಂದಿನ ಪೈಪು ಉದುರುವುದು ಹಾಗೇ. ಅದನ್ನು ಬಿಟ್ಟು ಬರೀ ಡಬ್ಬ ಬದಲಾಯಿಸಿದರೆ ಇನ್ನೆರಡು ವರ್ಷಕ್ಕೆ ಮತ್ತೆ ಇಲ್ಲೇ ಬಂದು ಬರೆಯುತ್ತೀರಿ.

ಸೋಮವಾರಪೇಟೆ ಜಿಪ್ಸಿ:

@ಮಣ್ಣುದಾರಿ, ಟರ್ಬೊ ಇಲ್ಲದ ಡೀಸೆಲ್‌ಗೆ ಬ್ಯಾಕ್ ಪ್ರೆಶರ್ (ಪೈಪಿನೊಳಗೆ ಹೊಗೆಗೆ ಆಗುವ ತಡೆ) ಬೇಕೇ ಬೇಕು ಅನ್ನುವವರ ಮಾತು ನಾನೂ ನಂಬುವುದಿಲ್ಲ. ಆದರೆ 60 ಚಿಲ್ಲರೆ ಕುದುರೆ ಶಕ್ತಿಯ ಎಂಜಿನ್‌ಗೆ ಡಬ್ಬ ತೆಗೆದರೆ ಎಷ್ಟು ಪಿಕಪ್ ಬರುತ್ತದೆ ಹೇಳಿ. ಸದ್ದು ಜಾಸ್ತಿಯಾದರೆ ಜೋರಾಗಿ ಓಡುತ್ತಿದೆ ಅಂತ ನಮಗೇ ಅನಿಸುತ್ತದೆ, ಅಷ್ಟೇ. ಹಳೇ ಪೈಪಿನ ಹೊರ ಅಳತೆ ನೋಡಿ ಅಷ್ಟೇ ಹಾಕಿಸಿದರೆ ಸಾಕು. ಸಣ್ಣದು ಹಾಕಿದರೆ ಮಾತ್ರ ಏರಿನಲ್ಲಿ ಕಪ್ಪು ಹೊಗೆ, ಎಂಜಿನ್ ಉಸಿರು ಕಟ್ಟುತ್ತದೆ.

ಕಾನೂನೂ ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮದಂತೆ ಸೈಲೆನ್ಸರ್ ಇರಲೇಬೇಕು. ಸದ್ದಿನ ಮಿತಿ ಮೀರಿದರೆ ಮೋಟಾರು ವಾಹನ ಕಾಯ್ದೆಯ 190(2) ಸೆಕ್ಷನ್, 2019ರ ತಿದ್ದುಪಡಿ ಆದ ಮೇಲೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ ಅಥವಾ 3 ತಿಂಗಳವರೆಗೆ ಜೈಲು, ಎರಡೂ ಆಗಬಹುದು. ತೋಟದೊಳಗೆ ಯಾರು ಹಿಡಿಯುತ್ತಾರೆ ಅನ್ನಬೇಡಿ, ಹಳೇ ಗಾಡಿಯ ಆರ್‌ಸಿ 5 ವರ್ಷಕ್ಕೊಮ್ಮೆ ರಿನ್ಯೂ ಮಾಡಿಸಲು ಆರ್‌ಟಿಒಗೆ ಹೋಗಲೇಬೇಕು ಅಲ್ವಾ.

ಅದೆಲ್ಲ ಬಿಡಿ. ನಮ್ಮ ದೊಡ್ಡಪ್ಪನ ತೋಟ ಸಿದ್ದಾಪುರದ ಕಡೆ. ಅಲ್ಲಿ ಸಂಜೆ ಆರರ ಮೇಲೆ ತೋಟದ ದಾರಿಯಲ್ಲಿ ಹೋಗುವಾಗ ತಿರುವಿಗೆ ಮುಂಚೆ ಎಂಜಿನ್ ಸ್ಲೋ ಮಾಡಿ ಕಿವಿ ಕೊಡುತ್ತೇವೆ. ಬೈನೆ ಮರ ಸೀಳುವ ಸದ್ದು ಕೇಳಿದರೆ ರಿವರ್ಸ್. ನೇರ ಪೈಪಿನ ಜೀಪಿನಲ್ಲಿ ಆನೆ ಬಾನೆಟ್ ಮುಂದೆ ನಿಂತ ಮೇಲೇ ಗೊತ್ತಾಗುವುದು.

ಮಣ್ಣುದಾರಿ:

ಸರಿ ಸರಿ, ಆನೆ ವಿಷಯಕ್ಕೆ ಸೋತೆ. ನಮ್ಮ ಕಡೆ ಆನೆ ಕಮ್ಮಿ 😅 ಆದರೆ ಸ್ಟೇನ್‌ಲೆಸ್ ಹಾಕಿಸಿ, ಅದರಲ್ಲಿ ಸೋಲುವುದಿಲ್ಲ. ಪೈಪಿಗೆ ಆ ಶಾಖ ತಡೆಯುವ ಫೈಬರ್ ಪಟ್ಟಿಯೂ ಸುತ್ತಿಸಿ.

ಹಳೇಜೀಪು:

ಫೈಬರ್ ಪಟ್ಟಿ ನಮ್ಮ ಊರಿಗೆ ಆಗುವುದಿಲ್ಲ. ಮಳೆ ನೀರು ಕುಡಿದು ಒದ್ದೆ ಗೋಣಿಚೀಲದ ಹಾಗೆ ಪೈಪಿಗೆ ಅಂಟಿಕೊಂಡಿರುತ್ತದೆ, ಅದರಡಿಯಲ್ಲಿ ತುಕ್ಕು ಆರಾಮಾಗಿ ಬೆಳೆಯುತ್ತದೆ. ರ‍್ಯಾಲಿ ಗಾಡಿಗೆ ಸರಿ.

ಸ್ಟೇನ್‌ಲೆಸ್ ಒಳ್ಳೆಯದೇ. ಆದರೆ ಯಾವ ಸ್ಟೇನ್‌ಲೆಸ್ ಅಂತ ಕೇಳಿ. 304ಕ್ಕೆ ಅಯಸ್ಕಾಂತ ಅಂಟುವುದಿಲ್ಲ, ತುಕ್ಕೂ ತುಂಬ ಕಡಿಮೆ. 409ಕ್ಕೆ ಅಂಟುತ್ತದೆ. ಕಂಪನಿ ಗಾಡಿಗಳ ಸೈಲೆನ್ಸರ್‌ಗೆ ಜಾಸ್ತಿ ಹಾಕುವುದು ಅದನ್ನೇ, ಮೇಲೆ ಕಂದು ಬಣ್ಣ ತಿರುಗುತ್ತದೆ, ಆದರೆ ಬಾಳಿಕೆ ಬರುತ್ತದೆ. 304ರ ದುಡ್ಡು ಕೊಟ್ಟು 409 ತರಬೇಡಿ, ಜೇಬಿನಲ್ಲಿ ಒಂದು ಅಯಸ್ಕಾಂತ ಇಟ್ಟುಕೊಂಡು ಹೋಗಿ. ವೆಲ್ಡಿಂಗ್ ಆರ್ಗನ್ ಗ್ಯಾಸ್‌ನಲ್ಲಿ ಮಾಡುವವರ ಹತ್ತಿರವೇ ಮಾಡಿಸಿ. ಮ್ಯಾನಿಫೋಲ್ಡ್ ಕಡೆಯ ಫ್ಲೇಂಜ್ (ನಟ್ ಹಾಕಿ ಜೋಡಿಸುವ ಬಿಲ್ಲೆ) ಮಾಮೂಲಿ ಕಬ್ಬಿಣದ್ದಾದರೆ ಆ ಎರಡನ್ನೂ ಸೇರಿಸಲು 309 ರಾಡ್ ಬೇಕು.

ಅಷ್ಟು ಖರ್ಚು ಬೇಡ ಅಂದರೆ ಮಾಮೂಲಿ ಕಬ್ಬಿಣದ ಪೈಪೇ ಸಾಕು, ದಪ್ಪ ಮಾತ್ರ ನೋಡಿ. 16 ಗೇಜ್ ಅಂದರೆ ಸುಮಾರು 1.6 ಮಿ.ಮೀ. ರೆಡಿ ಸೆಟ್‌ಗಳಲ್ಲಿ ಕೆಲವು 18 ಗೇಜ್, ಅಂದರೆ ಇನ್ನೂ ತೆಳು, ಬೆರಳಲ್ಲಿ ಒತ್ತಿದರೆ ಬಗ್ಗುತ್ತವೆಯೋ ಅನ್ನುವ ಹಾಗಿರುತ್ತವೆ. ಒಂದು ಕೆಲಸ ಮಾತ್ರ ಮಾಡಿಸಬೇಡಿ. ನೀರಿನ ಜಿಐ ಪೈಪು ಮಿಕ್ಕಿದೆ, ಅದನ್ನೇ ಹಾಕುತ್ತೇನೆ ಅಂತ ವೆಲ್ಡರ್ ಹೇಳಿದರೆ ಬೇಡ ಅನ್ನಿ. ಅದರ ಸತುವಿನ ಲೇಪ ವೆಲ್ಡಿಂಗ್ ಬಿಸಿಗೆ ಹೊಗೆಯಾಗುತ್ತದೆ, ಅದನ್ನು ಉಸಿರಾಡಿದವನಿಗೆ ರಾತ್ರಿಗೆ ಚಳಿಜ್ವರ. ಲೇಪ ಹೋದ ಜಾಗದಲ್ಲೇ ಮೊದಲು ತುಕ್ಕು.

ಡಬ್ಬದ ಅತಿ ಕೆಳಗಿನ ಜಾಗದಲ್ಲಿ 3 ಮಿ.ಮೀ. ತೂತು ಒಂದು ಹೊಡೆಸಿ. ನೀರು ಹನಿಯುತ್ತದೆ, ಸದ್ದಿಗೆ ವ್ಯತ್ಯಾಸವೇ ಇಲ್ಲ. ಕೆಸರು ಕಟ್ಟಿದಾಗ ಮೊಳೆ ಹಾಕಿ ಬಿಡಿಸಬೇಕು, ಅದನ್ನು ಮರೆಯುತ್ತಾರೆ ಎಲ್ಲರೂ. ನಾನೂ.

ನಾಪೋಕ್ಲು ಹುಡುಗ:

ಅಣ್ಣಾ, ಇವತ್ತು ಜೀಪಿನ ಅಡಿಗೆ ಹೋಗಿ ನೋಡಿದೆ. ನೀವು ಹೇಳಿದ್ದು ಹೌದು! ಹ್ಯಾಂಗರ್‌ನಲ್ಲಿ ರಬ್ಬರೇ ಇಲ್ಲ, ಪಟ್ಟಿ ನೇರ ಚಾಸಿಗೆ ವೆಲ್ಡ್. ಡಬ್ಬ ಮುಂದಕ್ಕೆ ವಾಲಿದೆ. ಎಂಜಿನ್ ಎಡಗಡೆ ಮೌಂಟಿಂಗ್ ರಬ್ಬರ್ ಎರಡು ಹೋಳು. ಪೂರ್ತಿ ಲೈನ್ ಹೊಸದು ಮಾಡಿಸುವುದು ಅಂತ ತೀರ್ಮಾನ ಮಾಡಿದೆ, ಮಾಮೂಲಿ ಕಬ್ಬಿಣ, 16 ಗೇಜ್. ಬಿಚ್ಚುವುದು ನಾನೇ ಮಾಡಿಕೊಳ್ಳುತ್ತೇನೆ. ಆದರೆ ಮ್ಯಾನಿಫೋಲ್ಡಿನ ಸ್ಟಡ್ (ನಟ್ ಕೂರುವ ತಲೆಯಿಲ್ಲದ ಬೋಲ್ಟ್) ನೋಡಿದರೆ ಭಯ ಆಗುತ್ತದೆ, ನಟ್ ಯಾವುದು ತುಕ್ಕು ಯಾವುದು ಗೊತ್ತಾಗುತ್ತಿಲ್ಲ.

ಹಳೇಜೀಪು:

ಅವಸರ ಮಾಡಿದರೆ ಸ್ಟಡ್ ತುಂಡಾಗುತ್ತದೆ, ಆಮೇಲೆ ಒಂದು ಗಂಟೆಯ ಕೆಲಸ ಎರಡು ದಿನ. ಮೊದಲು ವೈರ್ ಬ್ರಷ್‌ನಲ್ಲಿ ಉಜ್ಜಿ. ತುಕ್ಕು ಬಿಡಿಸುವ ಎಣ್ಣೆಯನ್ನು ಎರಡು ಮೂರು ದಿನ ಬೆಳಿಗ್ಗೆ ಸಂಜೆ ಬಿಡಿ, ಎಂಜಿನ್ ಉಗುರುಬೆಚ್ಚಗಿರುವಾಗ ಬಿಟ್ಟರೆ ಒಳಗೆ ಇಳಿಯುತ್ತದೆ. ಬಿಚ್ಚುವ ದಿನ ಆರು ಮೂಲೆಯ ರಿಂಗ್ ಸ್ಪ್ಯಾನರ್ ಹಾಕಿ, ಹನ್ನೆರಡು ಮೂಲೆಯದು ಮೂಲೆ ತಿನ್ನುತ್ತದೆ. ಅರ್ಧ ಸುತ್ತು ಬಿಚ್ಚಿ, ಕಾಲು ಸುತ್ತು ವಾಪಸ್ ಟೈಟ್ ಮಾಡಿ, ಮತ್ತೆ ಬಿಚ್ಚಿ. ಕಿರ್ ಅಂತ ಸದ್ದು ಬರುತ್ತಿದ್ದರೆ ಒಳ್ಳೆಯದು. ಸ್ಪ್ಯಾನರ್ ಮೆತ್ತಗೆ, ಸ್ಪ್ರಿಂಗ್ ಥರ ತಿರುಗುತ್ತಿದ್ದರೆ ನಿಲ್ಲಿಸಿ, ಸ್ಟಡ್ ತಿರುಚಿಕೊಳ್ಳುತ್ತಿದೆ ಅಂತ ಅರ್ಥ. ಆಗ ಗ್ಯಾಸ್ ಕಟ್ಟರ್ ಇರುವವರನ್ನು ಕರೆಸಿ ನಟ್ ಮಾತ್ರ ಕೆಂಪಗೆ ಕಾಯಿಸಿದರೆ ಬಿಡುತ್ತದೆ. ಮೊದಲೇ ಬಿಟ್ಟ ಎಣ್ಣೆ ಒರೆಸಿ ತೆಗೆದು, ಡೀಸೆಲ್ ಪೈಪುಗಳನ್ನು ನೋಡಿಕೊಂಡು, ಪಕ್ಕದಲ್ಲಿ ಒಂದು ಬಕೆಟ್ ಮರಳು ಇಟ್ಟುಕೊಂಡು.

ಮುರಿದರೂ ಗಾಬರಿ ಬೇಡ. ಮುರಿದ ತುಂಡಿನ ಮೇಲೆ ಒಂದು ನಟ್ ಇಟ್ಟು ಒಳಗಿಂದ ವೆಲ್ಡ್ ಮಾಡಿದರೆ ಆ ಬಿಸಿಗೇ ಸ್ಟಡ್ ಸಡಿಲವಾಗಿ ತಿರುಗಿಬರುತ್ತದೆ. ವೆಲ್ಡಿಂಗ್ ಮೊದಲು ಬ್ಯಾಟರಿ ಟರ್ಮಿನಲ್ ತೆಗೆಯುವುದು ಮರೆಯಬೇಡಿ, ಆಲ್ಟರ್ನೇಟರ್ ಹೋದೀತು. ಮ್ಯಾನಿಫೋಲ್ಡ್ ಎರಕದ ಕಬ್ಬಿಣ, ಅದರಲ್ಲೇ ಬಿರುಕು ಕಂಡರೆ ಊರ ವೆಲ್ಡರ್ ಹತ್ತಿರ ಮಾಮೂಲಿ ರಾಡ್‌ನಲ್ಲಿ ಹಾಕಿಸಬೇಡಿ, ಪಕ್ಕದಲ್ಲೇ ಇನ್ನೊಂದು ಬಿರುಕು ಬಿಡುತ್ತದೆ. ಅದಕ್ಕೆ ನಿಕಲ್ ರಾಡ್ ಬೇಕು, ಮೊದಲೇ ಕಾಯಿಸಿ ಆಮೇಲೆ ನಿಧಾನ ತಣಿಸಬೇಕು.

ಇನ್ನೊಂದು. ಬರೀ ಜಾಕಿ ನಂಬಿ ಅಡಿಗೆ ಹೋಗಬೇಡಿ. ನಮ್ಮ ಕೆಂಪು ಮಣ್ಣಿನಲ್ಲಿ, ಅದೂ ಮಳೆ ಬಿಟ್ಟ ಮೇಲೆ, ಜಾಕಿ ನಿಂತ ಜಾಗದಲ್ಲೇ ಇಳಿಯುತ್ತದೆ. ಕಣದಲ್ಲಿ ಸಿಮೆಂಟ್ ಮೇಲೆ ನಿಲ್ಲಿಸಿ, ಚಾಸಿಯ ಅಡಿಗೆ ದಪ್ಪ ಮರದ ದಿಮ್ಮಿ ಕೊಡಿ.

ಸೋಮವಾರಪೇಟೆ ಜಿಪ್ಸಿ:

ಕೂರಿಸುವಾಗ ಎಲ್ಲ ಸಡಿಲವಾಗಿ ತೂಗುಹಾಕಿ, ಆಮೇಲೆ ಮುಂದಿನಿಂದ ಹಿಂದಕ್ಕೆ ಟೈಟ್ ಮಾಡುತ್ತಾ ಬನ್ನಿ. ನಾನು ಹಿಂದಿನಿಂದ ಶುರು ಮಾಡಿ, ಮುಂದಿನ ಫ್ಲೇಂಜ್ ಅರ್ಧ ಇಂಚು ಕೂರದೆ, ಸನ್ನೆಕೋಲು ಹಾಕಿ ಎಳೆದು ಕೂರಿಸಿದ್ದೆ. ಮೂರೇ ತಿಂಗಳಿಗೆ ಅದೇ ಜಾಗದಲ್ಲಿ ಬಿರುಕು. ಪೂರ್ತಿ ಆದ ಮೇಲೆ ಹಿಂದಿನ ಒಂದು ಚಕ್ರ ದಿಣ್ಣೆ ಮೇಲೆ ಹತ್ತಿಸಿ ನೋಡಿ, ಸ್ಪ್ರಿಂಗ್ ಪ್ಲೇಟಿಗೋ ಪ್ರೊಪೆಲ್ಲರ್ ಶಾಫ್ಟಿಗೋ ಪೈಪು ತಾಗುತ್ತದಾ ಅಂತ. ಸಪಾಟು ನೆಲದಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಹಿಂದಿನ ಪೈಪು ಬಾಡಿಯಿಂದ ಆಚೆ ಬರಲೇಬೇಕು. ಚಂದಕ್ಕೆ ಮೋಟು ಮಾಡಿಸಬೇಡಿ.

ನಾಪೋಕ್ಲು ಹುಡುಗ:

ಹದಿನೈದು ದಿನ ಆಯಿತು, ಹೇಳಿ ಹೋಗೋಣ ಅಂತ ಬಂದೆ. ಸ್ಟಡ್ ಎರಡು ಮುರಿಯಿತು. ನಟ್ ವೆಲ್ಡ್ ಉಪಾಯದಲ್ಲಿ ಒಂದು ಬಂತು, ಇನ್ನೊಂದನ್ನು ಡ್ರಿಲ್ ಮಾಡಿಯೇ ತೆಗೆಯಬೇಕಾಯಿತು, ಅದಕ್ಕೆ ಒಂದಿಡೀ ಭಾನುವಾರ ಹೋಯಿತು. ಎಂಜಿನ್ ಮೌಂಟಿಂಗ್ ಎರಡೂ ಕಡೆ ಹೊಸದು. ಮ್ಯಾನಿಫೋಲ್ಡ್ ಪ್ಯಾಕಿಂಗ್ (ಸಂದು ಮುಚ್ಚುವ ಗ್ಯಾಸ್ಕೆಟ್) ಹೊಸದು. ವೆಲ್ಡರ್ ಜಿಐ ಪೈಪು ತೋರಿಸಿದರು ಅಣ್ಣಾ, ನೀವು ಹೇಳಿದ್ದ ಹಾಗೇ! ಬೇಡ ಅಂದೆ, ಸ್ವಲ್ಪ ಮುಖ ಊದಿಸಿಕೊಂಡರು.

ಲೀಕ್ ನೋಡಲು ಹಿಂದಿನ ಪೈಪಿಗೆ ಒದ್ದೆ ಬಟ್ಟೆ ಒತ್ತಿ ಹಿಡಿದು ಜಾಯಿಂಟ್‌ಗಳಿಗೆ ಸೋಪಿನ ನೀರು ಹಾಕಿದೆವು, ಒಂದು ಕಡೆ ಗುಳ್ಳೆ ಬಂತು, ಕ್ಲಾಂಪ್ ಬಿಗಿ ಮಾಡಿದ ಮೇಲೆ ನಿಂತಿತು. ಸದ್ದು ಎಷ್ಟು ಕಮ್ಮಿ ಅಂದರೆ ಗೇರ್‌ಬಾಕ್ಸ್ ಗೊರಗುಟ್ಟುವುದು ಈಗಷ್ಟೇ ಕೇಳಿಸುತ್ತಿದೆ, ಅದು ಬೇರೆ ತಲೆಬಿಸಿ. ಅಂಗಳಕ್ಕೆ ಬಂದು ಹಾರ್ನ್ ಹೊಡೆದರೇ ಕಾಫಿ.

ಆದರೆ ಬೆಳಿಗ್ಗೆ ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ಮಾತ್ರ ಐದು ನಿಮಿಷ ಟಿಕ್ ಟಿಕ್ ಅನ್ನುತ್ತದೆ, ಆಮೇಲೆ ನಿಲ್ಲುತ್ತದೆ. ಬಿಡಬಹುದಾ?

ಹಳೇಜೀಪು:

ಬಿಡಬೇಡಿ. ಅದು ಮ್ಯಾನಿಫೋಲ್ಡ್ ಪ್ಯಾಕಿಂಗ್ ಇರಬೇಕು. ಕಬ್ಬಿಣ ಕಾದು ಹಿಗ್ಗಿದ ಮೇಲೆ ಸಂದು ಮುಚ್ಚಿಕೊಳ್ಳುತ್ತದೆ, ಅದಕ್ಕೇ ಸದ್ದು ನಿಲ್ಲುವುದು. ಹೊಸ ಪ್ಯಾಕಿಂಗ್ ಹಾಕಿ ನಾಲ್ಕು ಸಲ ಕಾದು ತಣಿದ ಮೇಲೆ ನಟ್ ಸ್ವಲ್ಪ ಸಡಿಲ ಆಗುವುದು ಮಾಮೂಲು. ಪೂರ್ತಿ ತಣ್ಣಗಿರುವಾಗ, ನಡುವಿನ ನಟ್‌ನಿಂದ ಎರಡೂ ತುದಿಗೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಆ ಮೇಲೂ ಬಂದರೆ ಪ್ಯಾಕಿಂಗ್ ಅಂಚಿನಲ್ಲಿ ಎಲ್ಲಿ ಕಪ್ಪು ಮಸಿ ಕಟ್ಟಿದೆ ಅಂತ ಒಂದು ಫೋಟೋ ಹಾಕಿ, ನೋಡೋಣ.